ಸಿಂಕಿನ ಪಕ್ಕ ನಿಲ್ಲುವ ಮಗು

"ನಮ್ಮ ಮನೆತನದೋರ ತಲೆಗೆ ಅಕ್ಸರ ಹತ್ತಾಕಿಲ್ಲ ಕಣಕ್ಕ. ಸುಮ್ನೆ ಯಾಕ್ ಹಟ ಮಾಡ್ತಾಳೆ ಇವ್ಳು?" ಎಂದವನು ನನ್ನ ಸೋದರಮಾವ, ಅವ್ವನ ಒಡಹುಟ್ಟಿದ ತಮ್ಮ. ಏಳನೆಯ ಕ್ಲಾಸು ಮುಗಿಸಿದ್ದ ನಾನು ಮಂಡ್ಯದ ಹೈಸ್ಕೂಲಿಗೆ ಹೋಗಿಯೇ ಹೋಗುತ್ತೇನೆಂದು ಜಗಲಿಯಲ್ಲಿ ಅನ್ನ ಬಿಟ್ಟು ಕೂತಿದ್ದೆ. ಮಾವ ಎಲೆ ಅಡಿಕೆ ಮೆಲ್ಲುತ್ತಾ, ಎಮ್ಮೆಯ ಸುಳಿ ನೋಡಿ ಗುಣ ಹೇಳುವವನ ಹಾಗೆ ಆ ಮಾತು ಹೇಳಿದ. ಸಿಟ್ಟಿನಲ್ಲಿ ಹೇಳಿದ್ದರೆ ಮರೆಯುತ್ತಿದ್ದೆನೋ ಏನೋ. ಅವನ ದನಿಯಲ್ಲಿ ಕನಿಕರವಿತ್ತು. ಅದನ್ನು ಮರೆಯಲಾಗಲಿಲ್ಲ.

ನಾನು ಹೈಸ್ಕೂಲಿಗೂ ಹೋದೆ, ಕಾಲೇಜಿಗೂ ಹೋದೆ, ಬಿ.ಎಸ್ಸಿ. ಮುಗಿಸಿದೆ. ಅವ್ವನ ಕಡೆ, ಅಪ್ಪನ ಕಡೆ ಎರಡರಲ್ಲೂ ಡಿಗ್ರಿ ಪಡೆದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಮದುವೆಯಾಗಿ ಅಮೆರಿಕಕ್ಕೆ ಬಂದಾಗ ಡಿಗ್ರಿ ಸರ್ಟಿಫಿಕೇಟನ್ನು ಸೀರೆಗಳ ನಡುವೆ ಇಟ್ಟು ತಂದೆ. ಕ್ಯಾಲಿಫೋರ್ನಿಯಾದ ಯೂನಿಯನ್ ಸಿಟಿಯ ಅಪಾರ್ಟ್‌ಮೆಂಟಿನಲ್ಲಿ ಅದಕ್ಕೆ ಕಟ್ಟು ಹಾಕಿಸಿ ದೇವರ ಪಟಗಳ ಪಕ್ಕದಲ್ಲೇ ತೂಗುಹಾಕಿದೆ. ನನ್ನ ಗಂಡ ನಕ್ಕರು. ಅವರದು ಮೈಸೂರು. ಅಪ್ಪ ಓದಿದವರು, ತಾತ ಓದಿದವರು. ಅವರಿಗೆ ಶಾಲೆಯೆಂದರೆ ನೆಂಟರ ಮನೆಯಿದ್ದ ಹಾಗೆ, ಬಾಗಿಲು ತಟ್ಟದೆ ಒಳಗೆ ಹೋಗಬಹುದು. ನನಗೆ ಮಾತ್ರ ಯಾವ ಶಾಲೆಯ ಗೇಟು ಕಂಡರೂ, ಯಾರೋ ಒಳಗಿನಿಂದ ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸುತ್ತದೆ.

ಮಗಳಿಗೆ ಐದು ತುಂಬಿದ ವರ್ಷ, ಎಂಬತ್ತರ ದಶಕದ ನಡುವೆ, ಅವಳನ್ನು ಮನೆಯ ಹತ್ತಿರದ ಶಾಲೆಯ ಕಿಂಡರ್‌ಗಾರ್ಟನ್ನಿಗೆ ಸೇರಿಸಿದೆವು. ಅಷ್ಟು ಹೊತ್ತಿಗೆ ಅವಳಿಗೆ ಇಂಗ್ಲಿಷ್ ಅಕ್ಷರಗಳೆಲ್ಲ ಬರುತ್ತಿದ್ದವು. ನಾನೇ ಕಲಿಸಿದ್ದೆ. ಕಾರಿನ ಹಿಂದಿನ ಸೀಟಿನಲ್ಲಿ ಕೂತು ಫ್ರೀವೇ ಬೋರ್ಡುಗಳನ್ನು ಓದುತ್ತಿದ್ದಳು, ಗ್ರೋಸರಿ ಅಂಗಡಿಯಲ್ಲಿ ಡಬ್ಬಿಗಳ ಮೇಲಿನ ಹೆಸರು ಓದುತ್ತಿದ್ದಳು. ಊರಿನಿಂದ ತರಿಸಿದ ಕ್ಯಾಲೆಂಡರಿನಲ್ಲಿ ಕನ್ನಡದ ವಾರದ ಹೆಸರುಗಳನ್ನೂ ತಡವರಿಸುತ್ತಾ ಓದುತ್ತಿದ್ದಳು.

ನವೆಂಬರಿನಲ್ಲಿ ಟೀಚರು ತಂದೆತಾಯಿಯರನ್ನು ಒಬ್ಬೊಬ್ಬರಾಗಿ ಕರೆದು ಮಾತಾಡಿಸಿದರು. ನಮ್ಮ ಸರದಿ ಬಂತು. ಮಕ್ಕಳು ಕೂರುವ ಗಿಡ್ಡ ಕುರ್ಚಿಗಳಲ್ಲಿ ಮೊಣಕಾಲು ಎದೆಗೆ ಬರುವಂತೆ ಕೂತೆವು. ಟೀಚರು ನಡುವಯಸ್ಸಿನ ಬಿಳಿ ಹೆಂಗಸು, ಕತ್ತಿನಲ್ಲಿ ಮರದ ಮಣಿಸರ, ಮಾತು ಮಾತಿಗೆ ನಗು. ಮಗಳು ತುಂಬಾ ಮುದ್ದು ಎಂದರು, ಶಿಸ್ತಿನವಳು ಎಂದರು. ನಾನು ಕಾಯುತ್ತಿದ್ದೆ. ಇಲ್ಲಿಯವರು "ಇಲ್ಲ" ಎನ್ನುವ ಮೊದಲು ಹೆಚ್ಚು ನಗುತ್ತಾರೆಂಬುದು ಕೆಲಸ ಹುಡುಕುವಾಗಲೇ ನನಗೆ ಗೊತ್ತಾಗಿತ್ತು.

ಆಮೇಲೆ ಬಂತು ನಿಜವಾದ ಮಾತು. ಬೆಳಗಿನ ಪಾಠಕ್ಕೆ ಎಲ್ಲ ಮಕ್ಕಳೂ ಒಟ್ಟಿಗೆ ಬಂದು ಕೂರುತ್ತಾರಂತೆ, ನಮ್ಮವಳು ಬರುವುದಿಲ್ಲವಂತೆ. ಕೈ ತೊಳೆಯುವ ಸಿಂಕಿನ ಪಕ್ಕ ಹೋಗಿ ನಿಲ್ಲುತ್ತಾಳಂತೆ. ಅಕ್ಷರದ ಆಟ ಆಡಿಸಿದರೆ ಒಂದನ್ನೂ ಗುರುತಿಸುವುದಿಲ್ಲವಂತೆ. ಪರೀಕ್ಷೆ ಮಾಡುವವರೊಬ್ಬರು, ಅವಳಿಗೆ ಗುರುತಿಲ್ಲದವರು, ಬಂದು ಬೇರೆ ಕೋಣೆಗೆ ಒಬ್ಬಳನ್ನೇ ಕರೆದೊಯ್ದು ಕೇಳಿದರೂ ಬಾಯಿ ಬಿಡಲಿಲ್ಲವಂತೆ. ಆ ಪರೀಕ್ಷೆಯ ವಿಷಯ ನಮಗೆ ಆವತ್ತೇ ತಿಳಿದದ್ದು.

"ಅವಳು ಇನ್ನೂ ತಯಾರಾಗಿಲ್ಲ ಅನ್ನಿಸುತ್ತದೆ. ಇದು ಯಾರ ತಪ್ಪೂ ಅಲ್ಲ. ಮುಂದಿನ ವರ್ಷ ಅವಳನ್ನು ಚಿಕ್ಕ ಕ್ಲಾಸಿಗೆ ಹಾಕುವ ಬಗ್ಗೆ ಯೋಚಿಸಬಹುದು" ಎಂದರು ಟೀಚರು.

ಚಿಕ್ಕ ಕ್ಲಾಸೆಂದರೆ ಶಾಲೆಯ ಹಿಂದೆ, ಆಟದ ಮೈದಾನದ ಅಂಚಿನಲ್ಲಿ ತಂದು ನಿಲ್ಲಿಸಿದ್ದ ಬೇರೆ ಕೋಣೆ. ಕಲಿಕೆಯಲ್ಲಿ ಹಿಂದುಳಿದ ಮಕ್ಕಳಿಗೆ. ನಾನು ಮಗಳನ್ನು ಬಿಡಲು ಬಂದಾಗಲೆಲ್ಲ ಅಲ್ಲಿಗೆ ಸಾಲಾಗಿ ಹೋಗುವ ಮಕ್ಕಳನ್ನು ನೋಡಿದ್ದೆ. ಮೆಕ್ಸಿಕೋದ ಕಡೆಯವು, ಫಿಲಿಪೀನ್ಸಿನವು, ಒಂದೆರಡು ವಿಯೆಟ್ನಾಮಿನವು. ಹೊಂಬಣ್ಣದ ಕೂದಲು ಆ ಸಾಲಿನಲ್ಲಿ ಒಂದೂ ಕಂಡಿರಲಿಲ್ಲ.

ಕಾರಿನಲ್ಲಿ ಕೂತ ತಕ್ಷಣ ಹೇಳಿದೆ. "ನಮ್ಮ ಮಾವ ಹೇಳಿದ ಮಾತೇ ಇದು. ಇಂಗ್ಲಿಷಲ್ಲಿ ಸೋಪು ಹಾಕಿ ತೊಳೆದಿದಾರೆ ಅಷ್ಟೆ."

"ನಿಂಗೆ ಎಲ್ಲಾರ್ ಮೇಲೂ ಅನುಮಾನ ಕಣೆ. ಟೀಚರು ಪಾಪ ಒಳ್ಳೇವ್ರ ಥರ ಕಾಣ್ತಾರೆ" ಎಂದರು ಗಂಡ.

"ಒಳ್ಳೇವ್ರೇ. ಲಾಸ್ ಆಲ್ಟೋಸ್‌ನಂಥ ಸಾವ್ಕಾರರ ಊರಲ್ಲಿ ನಮ್ಮ ಮನೆ ಇದ್ದಿದ್ರೆ ಹೀಗೆ ಹೇಳ್ತಿದ್ರಾ, ಹೇಳಿ ನೋಡೋಣ?"

ಅವರು ಕಾರು ಸ್ಟಾರ್ಟು ಮಾಡಿದರು.

ಅಂದಿನಿಂದ ನಾನು ಪತ್ತೇದಾರಿಗೆ ಇಳಿದೆ. ಮಗಳನ್ನು ಊಟಕ್ಕೆ ಕೂರಿಸಿಕೊಂಡು ಸುತ್ತಿ ಬಳಸಿ ಕೇಳುತ್ತಿದ್ದೆ. ಯಾರಾದರೂ ಹೊಡೀತಾರಾ? ಬಣ್ಣದ ಬಗ್ಗೆ ಏನಾದರೂ ಅಂತಾರಾ? ನಿನ್ನ ಡಬ್ಬಿಯ ಚಿತ್ರಾನ್ನ ನೋಡಿ ಮೂಗು ಮುಚ್ಚಿಕೊಳ್ತಾರಾ? ಎಲ್ಲಕ್ಕೂ "ನೋ, ಅಮ್ಮ."

"ಮತ್ತೆ ಯಾಕೆ ಪುಟ್ಟಿ ಸಿಂಕಿನ ಹತ್ರ ನಿಂತ್ಕೋತೀಯ?"

"ಬಿಕಾಸ್."

"ಬಿಕಾಸ್ ಅಂದ್ರೆ?"

"ಜಸ್ಟ್ ಬಿಕಾಸ್." ಇಷ್ಟು ಹೇಳಿ ನನ್ನ ಮುಖ ನೋಡುತ್ತಿದ್ದಳು. ಏನೋ ಬಚ್ಚಿಡುತ್ತಿದ್ದಾಳೆ ಎಂಬುದು ಆ ನೋಟದಲ್ಲೇ ಇತ್ತು. ಹೆದರಿಸಿದ್ದಾರೆ ಎಂದುಕೊಂಡೆ. ಹೇಳಬೇಡ ಎಂದು ಬಾಯಿ ಮುಚ್ಚಿಸಿದ್ದಾರೆ ಎಂದುಕೊಂಡೆ. ನಾನು ಕೆಲಸ ಮಾಡುತ್ತಿದ್ದ ಕಾರ್ಖಾನೆಯ ಲ್ಯಾಬಿನಲ್ಲಿ ಆಸಿಡ್ಡಿನ ಬಾಟಲಿ ಕೈಯಲ್ಲಿ ಹಿಡಿದಾಗಲೂ ಅದೇ ಯೋಚನೆ.

ಆ ಶಾಲೆಯಲ್ಲಿ ಒಂದು ಪದ್ಧತಿಯಿತ್ತು. ತಾಯಂದಿರು ಬೇಕಾದರೆ ಬೆಳಗಿನ ಹೊತ್ತು ಕ್ಲಾಸಿಗೆ ಬಂದು ಟೀಚರಿಗೆ ಕೈಜೋಡಿಸಬಹುದು. ಕಾಗದ ಕತ್ತರಿಸುವುದು, ಗೋಂದು ಹಚ್ಚುವುದು, ಹಣ್ಣು ಹಂಚುವುದು, ಇಂಥವು. ಕ್ರಿಸ್‌ಮಸ್ ರಜೆ ಮುಗಿದ ಮೇಲೆ ಲ್ಯಾಬಿಗೆ ರಜೆ ಹಾಕಿ, ಸಹಾಯಕ್ಕೆ ಬರುತ್ತೇನೆಂದು ಹೆಸರು ಕೊಟ್ಟೆ. ಸಹಾಯವೇನೂ ನನ್ನ ಮನಸ್ಸಿನಲ್ಲಿರಲಿಲ್ಲ. ನನ್ನ ಕಣ್ಣಾರೆ ನೋಡಬೇಕಿತ್ತು.

ಬಾಗಿಲ ಪಕ್ಕದ ಮೇಜಿನಲ್ಲಿ ಕತ್ತರಿ ಕೊಟ್ಟು ಕೂರಿಸಿದರು. ಟೀಚರು ಒಂದು ಪುಟ್ಟ ಗಂಟೆ ಬಾರಿಸಿದರು. ಮಕ್ಕಳೆಲ್ಲ ಹೋ ಎಂದು ಕೋಣೆಯ ನಡುವಿಗೆ ಓಡಿ ಧೊಪ್ಪನೆ ಕೂತರು. ಅಲ್ಲಿ ಹಾಸಿದ್ದ ಕಾರ್ಪೆಟ್ಟನ್ನು ನಾನು ಆಗ ಸರಿಯಾಗಿ ನೋಡಿದೆ. ಹಿಂದಿನ ಸಲ ಬಂದಾಗ ಅದನ್ನು ಸುತ್ತಿ ಮೂಲೆಗಿಟ್ಟಿದ್ದರು.

ದೊಡ್ಡ ಕಾರ್ಪೆಟ್ಟು. ಚೌಕ ಚೌಕವಾಗಿ ಎ ಯಿಂದ ಝಡ್‌ವರೆಗೆ ಅಕ್ಷರ, ಪ್ರತಿ ಅಕ್ಷರದ ಕೆಳಗೆ ಒಂದು ಪ್ರಾಣಿ, ಪ್ರಾಣಿಯ ಕೆಳಗೆ ಅದರ ಹೆಸರು. ಪ್ರತಿ ಮಗುವೂ ಒಂದೊಂದು ಅಕ್ಷರದ ಮೇಲೆ ಕೂತಿತ್ತು. ಮಗಳು ಮಾತ್ರ ಗೋಡೆಗೆ ಅಂಟಿಕೊಂಡು ಸುತ್ತು ಹಾಕಿ ಸಿಂಕಿನ ಪಕ್ಕ ಹೋಗಿ ನಿಂತಳು.

ಆಮೇಲೆ ಆಟ ಶುರುವಾಯಿತು. ಟೀಚರು ಒಬ್ಬೊಬ್ಬರ ಹೆಸರು ಕರೆದು "ಬಿ!" ಎನ್ನುವುದು, ಅಲ್ಲಿ ಕೂತವರು ಸರಿಯುವುದು, ಆ ಮಗು ಬಿ ಮೇಲೆ ನೆಗೆದು ಕುಣಿಯುವುದು. ಸರಿಯಾಗಿ ನೆಗೆದರೆ ಎಲ್ಲರೂ ಚಪ್ಪಾಳೆ. ಮಗಳ ಸರದಿ ಬಂದಾಗ "ಎಂ!" ಎಂದರು. ಅವಳು ಅಲುಗಲಿಲ್ಲ. ಜುಟ್ಟಿನ ಹುಡುಗಿಯೊಬ್ಬಳು ಕಾರ್ಪೆಟ್ಟಿನಿಂದ ಎದ್ದು ಬಂದು, ಇವಳಿಗೆ ಗೊತ್ತಿಲ್ಲವೇನೋ ಎಂದು ಕೈ ಹಿಡಿದು ಎಳೆದಳು. ಮಗಳ ಕಾಲು ಕಾರ್ಪೆಟ್ಟಿನ ತುದಿಯ ಒಂದು ಅಕ್ಷರಕ್ಕೆ ತಗುಲಿತು. ತಕ್ಷಣ ಕೈ ಕೊಸರಿಕೊಂಡು, ಬಗ್ಗಿ, ಆ ಅಕ್ಷರವನ್ನು ಬೆರಳಿನಿಂದ ಮುಟ್ಟಿ ಎರಡು ಕಣ್ಣಿಗೂ ಒತ್ತಿಕೊಂಡು ಮತ್ತೆ ಸಿಂಕಿನ ಹತ್ತಿರ ಓಡಿದಳು.

ನನ್ನ ಕೈಯ ಕತ್ತರಿ ನಿಂತುಹೋಯಿತು.

ನಮ್ಮ ಮನೆಯಲ್ಲಿ ಕಾಗದಕ್ಕೆ ಕಾಲು ತಗುಲಬಾರದು. ಪುಸ್ತಕ ಇರಲಿ, ಅಂಗಡಿಯವರು ಬಾಗಿಲಿಗೆ ಸಿಕ್ಕಿಸಿ ಹೋಗುವ ಜಾಹೀರಾತಿನ ಹಾಳೆಯೇ ಇರಲಿ, ತಗುಲಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ಎಲ್ಲ ಮನೆಗಳಲ್ಲೂ ಹೇಳಿಕೊಡುತ್ತಾರೆ, ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳಿಕೊಟ್ಟಿದ್ದೆ. ಅಕ್ಷರಕ್ಕಾಗಿ ಅನ್ನ ಬಿಟ್ಟು ಕೂತವಳು ಇನ್ನು ಹೇಗೆ ಹೇಳಿಕೊಟ್ಟಾಳು?

ಟೀಚರು ಸದ್ದಿಲ್ಲದೆ ನನ್ನ ಮೇಜಿನ ಹತ್ತಿರ ಬಂದರು. "ನೋಡಿದಿರಲ್ಲ? ಕಣ್ಣು ಉಜ್ಜಿಕೊಳ್ಳುವುದು ದಿನಾ ಹೀಗೇ. ಕಣ್ಣಿನ ಡಾಕ್ಟರಿಗೆ ತೋರಿಸಿದ್ದೀರಾ?" ಎಂದು ದನಿ ತಗ್ಗಿಸಿ, "ಕೇಳುತ್ತಿದ್ದೇನೆಂದು ಬೇಜಾರು ಮಾಡಿಕೊಳ್ಳಬೇಡಿ. ಮನೆಯಲ್ಲಿ ಅವಳನ್ನು ಯಾರಾದರೂ ಹೆದರಿಸುತ್ತಾರಾ?" ಎಂದರು.

ಓಹೋ, ಇವರೂ ನನ್ನ ಮೇಲೆ ಅನುಮಾನಪಡುತ್ತಿದ್ದಾರೆ! ನಾನು ಶಾಲೆಯನ್ನು ಇಣುಕಿ ನೋಡುತ್ತಿದ್ದರೆ ಶಾಲೆ ನಮ್ಮ ಮನೆಯನ್ನು ಇಣುಕಿ ನೋಡುತ್ತಿತ್ತು. ಮೈ ಉರಿಯಿತು. ಎದ್ದು ಮಗಳ ಕಡೆ ಹೊರಟೆ. ನೇರವಾಗಿ ಹೋಗಿದ್ದರೆ ನಾಲ್ಕು ಹೆಜ್ಜೆ. ಆದರೆ ಕಾರ್ಪೆಟ್ಟಿನ ಅಂಚಿಗೆ ಬರುತ್ತಿದ್ದಂತೆ ನನ್ನ ಕಾಲು ತಾನಾಗಿಯೇ ತಿರುಗಿತು. ಸೀರೆಯ ನೆರಿಗೆ ಎತ್ತಿ ಹಿಡಿದು, ಗೋಡೆಯ ಪಕ್ಕದಿಂದ, ಮೇಜುಗಳ ಸಂದಿಯಿಂದ, ಮಗಳು ಹೋದ ದಾರಿಯಲ್ಲೇ ಸುತ್ತಿಕೊಂಡು ಹೋದೆ. ಎಲ್ಲ ಮಕ್ಕಳೂ ನೋಡುತ್ತಿದ್ದವು.

"ನನ್ನ ಕಾರ್ಪೆಟ್ಟಿನಲ್ಲಿ ಏನಾದರೂ ಇದೆಯಾ?" ಎಂದರು ಟೀಚರು.

"ಅಕ್ಷರಗಳಿವೆ. ನಮ್ಮಲ್ಲಿ ಅಕ್ಷರ ತುಳಿಯುವುದಿಲ್ಲ, ಅದರ ಮೇಲೆ ಕೂರುವುದಿಲ್ಲ. ಕಾಲು ತಗುಲಿದರೆ ಕ್ಷಮೆ ಕೇಳುತ್ತೇವೆ. ಅವಳು ಕಣ್ಣಿಗೆ ಒತ್ತಿಕೊಳ್ಳುವುದು ಅದಕ್ಕೆ. ಅಕ್ಷರ ಬರದೆ ಇದ್ದಿದ್ದರೆ ಅವಳು ಎಲ್ಲರಂತೆ ಹೋಗಿ ಕೂರುತ್ತಿದ್ದಳು. ಅಕ್ಷರ ಬರುವುದರಿಂದಲೇ ಕೂರುತ್ತಿಲ್ಲ." ನನ್ನ ಇಂಗ್ಲಿಷು ಅಷ್ಟು ಸರಾಗವಾಗಿ ಅಲ್ಲಿಯವರೆಗೆ ಬಂದಿರಲಿಲ್ಲ, ಆಮೇಲೂ ಬಂದಿಲ್ಲ.

ಟೀಚರ ಮುಖದ ನಗು ಮೊದಲ ಸಲ ಮಾಯವಾಯಿತು. ಕರಿಹಲಗೆಯ ಕಡೆಯಿಂದ ಉದ್ದನೆಯ ಅಳತೆಪಟ್ಟಿ ತಂದು ಮಗಳ ಕೈಗೆ ಕೊಟ್ಟರು. "ತುಳಿಯುವುದು ಬೇಡ. ಇದರಿಂದ ತೋರಿಸು." ಮಕ್ಕಳನ್ನು ಎಬ್ಬಿಸಿ ದೂರ ನಿಲ್ಲಿಸಿದರು. ಮಗಳು ನನ್ನ ಮುಖ ನೋಡಿದಳು. ನಾನು ಹೂಂ ಎಂದೆ. ಅವಳು ಅಂಚಿನಲ್ಲೇ ನಡೆಯುತ್ತಾ, ಪಟ್ಟಿಯ ತುದಿಯನ್ನು ಅಕ್ಷರಕ್ಕೆ ಮೆಲ್ಲಗೆ, ಹೂವು ಮುಟ್ಟುವ ಹಾಗೆ ತಾಗಿಸುತ್ತಾ ಎ ಯಿಂದ ಝಡ್‌ವರೆಗೆ ಓದಿದಳು. ಪ್ರಾಣಿಗಳ ಹೆಸರನ್ನೂ ಓದಿದಳು. ಮುಗಿದ ಮೇಲೆ ಜುಟ್ಟಿನ ಹುಡುಗಿ ಒಬ್ಬಳೇ ಚಪ್ಪಾಳೆ ತಟ್ಟಿದಳು.

ಮನೆಗೆ ಬರುವಾಗ ಕೇಳಿದೆ. "ನಂಗ್ಯಾಕೆ ಹೇಳ್ಲಿಲ್ಲ ಪುಟ್ಟಿ?"

"ಹೇಳಿದ್ರೆ ಯು ವಿಲ್ ಫೈಟ್ ವಿತ್ ಮೈ ಟೀಚರ್" ಎಂದಳು. ಐದು ವರ್ಷದ ಮಗುವಿಗೆ ತಾಯಿಯ ಮೇಲೆ ಇದ್ದ ಅನುಮಾನ ಅದು. ಅವಳು ತಿಳಿದದ್ದು ತಪ್ಪೆಂದು ಹೇಳಲಾರೆ.

ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಹಿಂದಿನ ಕೋಣೆಯ ವಿಷಯ ಏನಾಯಿತು ಎಂದು ಕೇಳಿದರೆ ಟೀಚರು, "ನಾನೊಬ್ಬಳೇ ತೀರ್ಮಾನ ಮಾಡುವುದಲ್ಲ, ನೋಡೋಣ" ಎಂದರು. ಮತ್ತೆ ಆ ನಗು. ಕಾರ್ಪೆಟ್ಟಿನ ಸುತ್ತ ಅಕ್ಷರವಿಲ್ಲದ ನೀಲಿ ಅಂಚಿತ್ತು, ಮಗಳು ಅಲ್ಲಿ ಕೂರುವಂತಾಯಿತು, ದಿನಾ ಉತ್ತರ ಹೇಳುವಂತಾಯಿತು. ಆದರೆ ಪರೀಕ್ಷೆಯವರು ಬರೆದಿಟ್ಟದ್ದು ಹಾಗೆಯೇ ಇತ್ತಲ್ಲ? ಬಾಯಿಮಾತನ್ನು ನಾನು ನಂಬುವವಳಲ್ಲ. ವಸಂತ ಕಳೆಯುವವರೆಗೂ ಮಗಳನ್ನು ಬಿಡಲು ಹೋದಾಗಲೆಲ್ಲ ಹಿಂದಿನ ಕೋಣೆಯ ಸಾಲಿನಲ್ಲಿ ಅವಳ ಎರಡು ಜಡೆ ಕಾಣುತ್ತದೆಯೇನೋ ಎಂದು ಬೇಲಿಯಾಚೆ ನಿಂತು ನೋಡಿಯೇ ಕೆಲಸಕ್ಕೆ ಹೋಗುತ್ತಿದ್ದೆ.

ಏಪ್ರಿಲ್‌ನಲ್ಲಿ ಅವ್ವ ಊರಿನಿಂದ ಬಂದಳು. ಕಾರ್ಪೆಟ್ಟಿನ ಕತೆ ಕೇಳಿ ಗಲ್ಲ ಬಡಿದುಕೊಂಡಳು. "ಅಯ್ಯೋ ಸಿವನೇ, ಸರಸ್ವತಿ ಮ್ಯಾಲೆ ಕುಂಡೆ ಊರ್ಕಂಡು ಓದಾರಾ? ಇವ್ರಿಗೆ ವಿದ್ಯೆ ಹೆಂಗವ್ವ ಬಂತು?"

"ಸುಮ್ನಿರವ್ವ, ಚಂದ್ರನ್ ಮ್ಯಾಲೆ ಹೋಗ್ಬಂದೋರು ಇವ್ರು" ಎಂದೆ.

"ಅಲ್ಲೂ ತುಳ್ದೇ ಬಂದವ್ರೆ ಬುಡು" ಎಂದಳು.

ಜೂನ್ ತಿಂಗಳಲ್ಲಿ ಶಾಲೆಯ ಊಟದ ಕೋಣೆಯಲ್ಲಿ ವರ್ಷದ ಕೊನೆಯ ಸಮಾರಂಭ. ಮಕ್ಕಳಿಗೆಲ್ಲ ಡಿಗ್ರಿ ಪಡೆಯುವವರು ಹಾಕುವಂಥ ಕಾಗದದ ಚೌಕದ ಟೋಪಿ. ಅವ್ವ ರೇಷ್ಮೆ ಸೀರೆಯ ಮೇಲೆ ನನ್ನ ಗಂಡನ ಸ್ವೆಟರು ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತಳು. ಮಗಳ ಹೆಸರನ್ನು ಹೇಗೋ ತಿರುಚಿ ಕರೆದರು. ಅವಳು ಹೋಗಿ ಎರಡೂ ಕೈ ಚಾಚಿ ಸರ್ಟಿಫಿಕೇಟು ತೆಗೆದುಕೊಂಡಳು. ಗಂಡ ಫೋಟೋ ತೆಗೆದರು. ನಾನು ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಹಿಂದಿನ ಕೋಣೆಗೆ ಹೋಗಬೇಕಾದ ಮಕ್ಕಳಿಗೂ ಅದೇ ಟೋಪಿ, ಅದೇ ಹಾಳೆ ಕೊಡುತ್ತಿದ್ದುದನ್ನು ಕಂಡಿದ್ದೆ.

ಎಲ್ಲ ಮುಗಿದ ಮೇಲೆ ಟೀಚರ ಎದುರು ನಿಂತೆ. "ಇದು ಈ ವರ್ಷ ಮುಗಿಯಿತು ಎಂದು ಕೊಟ್ಟದ್ದೋ, ಮುಂದಕ್ಕೆ ಹೋಗುತ್ತಾಳೆ ಎಂದು ಕೊಟ್ಟದ್ದೋ?"

"ಮುಂದಕ್ಕೆ. ಒಂದನೆಯ ಕ್ಲಾಸಿಗೆ. ಹಿಂದಿನ ಕೋಣೆಗಲ್ಲ."

"ಬರೆದುಕೊಡುತ್ತೀರಾ?"

"ರೀ, ಸಾಕು ಬಾ" ಎಂದರು ಪಕ್ಕದಲ್ಲಿದ್ದ ಗಂಡ, ಗಾಬರಿಯಲ್ಲಿ ನಾನು ಅವರನ್ನು ಕರೆಯುವ ಹಾಗೆಯೇ ನನ್ನನ್ನು ಕರೆದು. ಟೀಚರು ಮಾತ್ರ ಮಗಳ ಕೈಯಿಂದ ಸರ್ಟಿಫಿಕೇಟು ತೆಗೆದುಕೊಂಡು, ಹಿಂದೆ ತಿರುಗಿಸಿ, ಗೋಡೆಗೆ ಒತ್ತಿ ಹಿಡಿದು ಒಂದೇ ಸಾಲು ಬರೆದು ಸಹಿ ಮಾಡಿದರು. ಕೊಡುವಾಗ ಹಾಳೆ ಜಾರಿ ನೆಲಕ್ಕೆ ಬೀಳುವುದರಲ್ಲಿತ್ತು, ಅಷ್ಟರಲ್ಲಿ ಟೀಚರು ಮತ್ತು ಮಗಳು ಇಬ್ಬರೂ ಒಟ್ಟಿಗೆ ಬಗ್ಗಿ ಹಿಡಿದುಕೊಂಡರು. ಅವರ ಬಗ್ಗೆ ನನ್ನ ಅನುಮಾನ ಪೂರ್ತಿ ಹೋಯಿತು ಎನ್ನಲಾರೆ. ಆ ಗಳಿಗೆಯಲ್ಲಿ ಸ್ವಲ್ಪ ಸಡಿಲವಾಯಿತು.

ಮಗಳು ಓಡಿಹೋಗಿ ಸರ್ಟಿಫಿಕೇಟನ್ನು ಅಜ್ಜಿಯ ಮಡಿಲಲ್ಲಿಟ್ಟಳು. ಅವ್ವ ಅದನ್ನು ಕಣ್ಣಿಗೊತ್ತಿಕೊಂಡು ಸೆರಗಿನಿಂದ ಒರೆಸಿ ನನ್ನ ಕಡೆ ತಿರುಗಿದಳು.

"ತಲೆಗೆ ಹತ್ತಾಕಿಲ್ಲ ಅಂದಿದ್ನಲ್ಲ ನಿನ್ ಮಾವ, ಊರ್ಗೋಗಿ ಅವ್ನಿಗೆ ಏಳ್ತೀನಿ ತಡಿ. ಅಕ್ಸರವ ಕಾಲ್ಗೆ ಸೋಕುಸ್ನಿಲ್ಲ ಕಣ್ಲಾ ನಮ್ ಕೂಸು. ಇನ್ನು ತಲೆಗಲ್ದೆ ಎಲ್ಗೋದದು?"