ಅವ್ವ ಬರೆದು ಸಾರಿಸಿದ ಗೋಡೆ

ಒಣಗಿದ ಕೆಮ್ಮಣ್ಣಿಗೆ ನೀರು ಬಿದ್ದಾಗ ಏಳುವ ವಾಸನೆ ಬಂದರೆ ಸಾಕು, ಈ ವಯಸ್ಸಿನಲ್ಲೂ ಸುರಪುರದ ನಮ್ಮ ಅಡುಗೆಮನೆಯ ಹಿಂದಿನ ಗೋಡೆ ಕಣ್ಣಿಗೆ ಕಟ್ಟುತ್ತದೆ. ನಿಮಗೂ ಅಂಥದೊಂದು ಗೋಡೆ ಇದ್ದೀತು. ಮೊನ್ನೆ ಕುಂಡಕ್ಕೆ ನೀರು ಹಾಕಿ ಬಂದು ನಿಘಂಟು ತೆರೆದಾಗ ಪಾಲಿಂಪ್‌ಸೆಸ್ಟ್ ಎಂಬ ಇಂಗ್ಲಿಷ್ ಪದ ಸಿಕ್ಕಿತು. ನಾಲಿಗೆಗೆ ತೊಡಕಾದ ಪದ. ಮೂಲ ಗ್ರೀಕಂತೆ; 'ಮತ್ತೆ ಕೆರೆದದ್ದು' ಎಂದು ಅರ್ಥವಂತೆ. ಬರೆಯುವ ತೊಗಲು ತುಟ್ಟಿಯಾಗಿದ್ದ ಕಾಲದಲ್ಲಿ ಹಳೆಯ ಬರಹವನ್ನು ಕೆರೆದು, ಅದರ ಮೇಲೆಯೇ ಹೊಸದನ್ನು ಬರೆಯುತ್ತಿದ್ದರಂತೆ. ಎಷ್ಟೋ ವರ್ಷಗಳ ಮೇಲೆ ಅಡಿಯ ಅಕ್ಷರಗಳು ಮಸುಕುಮಸುಕಾಗಿ ಮೇಲೆದ್ದು ಬರುವುದೂ ಉಂಟಂತೆ. ಸುಳ್ಳೇಕೆ ಹೇಳಲಿ, ಓದಿ ಹೊಟ್ಟೆಕಿಚ್ಚಾಯಿತು. ನಮ್ಮವ್ವ ಬರೆದು ಅಳಿಸಿದ್ದು ಮೇಲೇಳಲೇ ಇಲ್ಲ. ಆ ಮನೆ ಬಿದ್ದು ಈಗ ಅಲ್ಲಿ ಜಾಲಿ ಬೆಳೆದಿದೆ.

ಅವು ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು. ಅಪ್ಪ ಕಚೇರಿಯಲ್ಲಿ ಸಣ್ಣ ನೌಕರ. ಕಲಿತದ್ದೂ ಬರೆಯುತ್ತಿದ್ದದ್ದೂ ಉರ್ದು. ಅವ್ವನ ತವರು ಸರಹದ್ದಿನ ಆಚೆ, ತಾಳಿಕೋಟೆಯ ಕಡೆ, ಇಂಗ್ಲಿಷರ ಸೀಮೆಯಲ್ಲಿ. ಅಪ್ಪನ ಕಾಗದ ಅಲ್ಲಿಗೆ ಮುಟ್ಟಿದರೆ ಅವ್ವನ ತಾಯಿ, ನಮ್ಮ ಆಯಿ, ಅದನ್ನು ಸೆರಗಿಗೆ ಕಟ್ಟಿಕೊಂಡು ಮುಲ್ಲಾಸಾಬರ ಮನೆಗೆ ಹೋಗಿ ಓದಿಸಿಕೊಳ್ಳಬೇಕಿತ್ತು. ಹಗಲಿನ ಅರೆನಿದ್ದೆಯಲ್ಲಿ ಈಗಲೂ ಕೇಳುತ್ತದೆ, ಅಪ್ಪ ಟಾಕನ್ನು ಮಸಿಯಲ್ಲಿ ಅದ್ದಿ ಕೇಳುವುದು: "ಖೈರಿಯತ್ ಅಂತ ಬರೀಲೇನು?" ಬಾಗಿಲ ಮರೆಯಿಂದ ಅವ್ವ: "ಹೂಂನ್ರಿ, ಬರೀರಿ." ಆ ಖೈರಿಯತ್, ಆ ಕ್ಷೇಮ, ಎಲ್ಲಿತ್ತು? ನನ್ನ ಹಿಂದೆ ಹುಟ್ಟಿದ ಎರಡು ಕೂಸುಗಳು ಉಳಿದಿರಲಿಲ್ಲ. ಅವ್ವ ಮತ್ತೆ ಬಸುರಿ. ತವರಿಗೆ ಕಳಿಸುವ ಮಾತೆತ್ತಿದರೆ ಅಪ್ಪನ ತಾಯಿ, ನಮ್ಮ ಅಜ್ಜಿ, "ಇಲ್ಲೇನು ಕಡಿಮಿ ಆಗ್ಯಾದ? ಇಲ್ಲೇ ಹಡೀಲಿ" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಆಯಿಯನ್ನಾದರೂ ಕರೆಸಿ ಎಂದು ಗಂಡನಿಗೆ ಹೇಳಿ ಬರೆಸುವ ಎದೆಗಾರಿಕೆ ಅವ್ವನಿಗಿರಲಿಲ್ಲ.

ನಾನಾಗ ಮಠದ ಪಡಸಾಲೆಯಲ್ಲಿ ಅಯ್ಯನವರ ಬಳಿ ಕನ್ನಡ ಕಲಿಯುತ್ತಿದ್ದೆ. ಒಂದು ಮಧ್ಯಾಹ್ನ, ಅಜ್ಜಿ ಅಡ್ಡಾದ ಹೊತ್ತಿನಲ್ಲಿ, ಅವ್ವ ನನ್ನನ್ನು ಹಿಂದಿನ ಗೋಡೆಯ ಬಳಿ ಕರೆದಳು. ಕೆಮ್ಮಣ್ಣು ಸಾರಿಸಿದ ಗೋಡೆ ಇನ್ನೂ ಹಸಿಯಾಗಿತ್ತು. "ನನಗ ಎಲ್ಲಾ ಅಕ್ಷರ ಬ್ಯಾಡವ್ವ, ನಾ ಹೇಳಿದಷ್ಟು ಕಲಸು" ಎಂದಳು. ದಿನಕ್ಕೊಂದು ಅಕ್ಷರ ಹೇಳಿಕೊಟ್ಟೆ. ಬೆರಳಿನಿಂದ ಬರೆಯುವಳು, ಪಡಸಾಲೆಯಲ್ಲಿ ಅಜ್ಜಿ ಕೆಮ್ಮಿದರೆ ಸಾರಿಸುವ ಅರಿವೆ ಎಳೆದು ಅಳಿಸುವಳು, ಮತ್ತೆ ಬರೆಯುವಳು. ಬೆಳಕಿಂಡಿಯಿಂದ ಇಳಿದ ಬಿಸಿಲು ಆ ಕೆಂಪಿನ ಮೇಲೆ ಮೆಲ್ಲಗೆ ಸರಿಯುತ್ತಿತ್ತು. ಅವ್ವನ ಬಳೆಯ ಸದ್ದು, ಒದ್ದೆ ಮಣ್ಣಿನ ತಂಪು, ನನ್ನ ಪಿಸುಮಾತು, ಎಲ್ಲ ಒಂದರೊಳಗೊಂದು ಕರಗಿ ಹೋಗುತ್ತಿದ್ದವು. "ಸೊಸಿ ಗ್ವಾಡಿ ಭಾಳ ಚಂದ ಸಾರಸ್ತಾಳ" ಎಂದು ಅಜ್ಜಿ ಓಣಿಯವರ ಮುಂದೆ ಹೊಗಳಿದ್ದೂ ಉಂಟು! ಹದಿನೈದು ದಿನಕ್ಕೆ ಎಲ್ಲ ಅಕ್ಷರಗಳೂ ಕೂಡಿ ಗೋಡೆಯ ಮೇಲೆ ಸೊಟ್ಟಸೊಟ್ಟಗೆ ನಿಂತವು: "ಅವ್ವಾ, ಅಂಜಿಕಿ ಆಗ್ಯಾದ. ನೀ ಬಾ." ಅವ್ವನಿಗೂ ಹೆದರಿಕೆಯಾಗುತ್ತದೆಂದು ನನಗೆ ಗೊತ್ತಾದದ್ದು ಆಗಲೇ. ಅವ್ವ ಅದನ್ನೇ ನನ್ನ ಪುಸ್ತಕದ ಹಾಳೆಯ ಚೂರಿಗೆ ಇಳಿಸಿ, ತಾಳಿಕೋಟೆಯ ಸಂತೆಗೆ ಹೊರಟಿದ್ದ ಗಾಡಿಯವನ ಕೈಗೆ ಕೊಟ್ಟಳು. ಗೋಡೆಯನ್ನು ಇನ್ನೊಮ್ಮೆ ಸಾರಿಸಿದಳು.

ಎಂಟನೆಯ ದಿನ ಆಯಿ ಅದೇ ಗಾಡಿಯಲ್ಲಿ ಬಂದಿಳಿದಳು. "ಕೆಟ್ಟ ಕನಸ ಬಿದ್ದಿತ್ರಿ, ಮಗಳ ಮಾರಿ ನೋಡಾಕ ಬಂದೆ" ಎಂದು ಅಜ್ಜಿಗೆ ನಗುತ್ತಲೇ ಹೇಳಿದಳು. ಕನಸಿಗೆ ಎದುರಾಡಲಾಗದೆ ಅಜ್ಜಿ ಕಾಲಿಗೆ ನೀರು ಕೊಟ್ಟಳು. ಆಮೇಲೆ ಆಯಿ ನನ್ನನ್ನು ಹಿತ್ತಲಿಗೆ ಕರೆದು, ಸೊಂಟದ ಸಂಚಿಯಿಂದ ಚೀಟಿ ತೆಗೆದು, ಓದು ಎಂದಳು. ಓದಿದೆ. ಆಯಿ ಚೀಟಿಯನ್ನು ಮಡಚಿ ಮತ್ತೆ ಸಂಚಿಗೆ ಸೇರಿಸಿದಳು.

"ಊರಾಗ ಓದಿಸಿದ್ದಿಲ್ಲೇನು ಆಯಿ?" ಎಂದು ಕೇಳಿದೆ.

"ಯಾರಿಗೂ ತೋರಿಸಿಲ್ಲ. ಆಕಿನಾ ಬರದು ಕೊಟ್ಟಾಳ ಅಂತ ಗಾಡಿಯವ ಅಂದ. ನನ ಮಗಳು ತಾನಾ ಬರದಾಳಂದ್ರ ಅದು ಮಂದಿ ಓದೂ ಮಾತಲ್ಲ ಅಂತ ತಿಳೀತು. ಬಂದುಬಿಟ್ಟೆ."

ತಂಗಿಯನ್ನು ಹೆತ್ತ ಮೂರನೆಯ ದಿನ ಅವ್ವ ಆಯಿಯ ತೊಡೆಯ ಮೇಲೆ ತಲೆಯಿಟ್ಟು ತೀರಿಕೊಂಡಳು. ತಂಗಿ ಉಳಿದಳು. "ನಿಮ್ಮವ್ವ ಅಂಜಲಿಲ್ಲವ್ವ, ನನ್ನ ಕೈ ಹಿಡಕೊಂಡಿದ್ಲು" ಎಂದು ಆಯಿ ತಾನು ಸಾಯುವತನಕ ಹೇಳುತ್ತಿದ್ದಳು. ನಾನು ಅದನ್ನು ನಂಬಿದ್ದೇನೆ. ನಂಬದೆ ಇರುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.