ಅವಳಿ ತಾಯಂದಿರ ಜಗುಲಿ

ಉಗಾಂಡದ ಕಂಪಾಲದಲ್ಲಿ ಕನ್ಸಂಗ ರಸ್ತೆಗೆ ಬೆಳಕು ಹರಿಯುವ ಮೊದಲೇ ಬತೂಲ್ ಇದ್ದಿಲೊಲೆಗೆ ಗಾಳಿ ಬೀಸುತ್ತಿರುತ್ತಾರೆ. ಪಕ್ಕದಲ್ಲಿ ಲವಂಗ, ಪುದೀನ, ಒಣಶುಂಠಿಯ ಡಬ್ಬಿಗಳು. ಸುತ್ತ ಹಗ್ಗ ಹೆಣೆದ ಗಿಡ್ಡ ಪೀಠಗಳು. ಕೆಂಡ ಹಿಡಿದ ಮೇಲೆ ಒಂದು ಚಿಟಿಕೆ ಧೂಪ. ಸುಡಾನಿನ ಓಮ್ದುರ್ಮಾನ್‌ನಲ್ಲೂ ಇಪ್ಪತ್ತು ವರ್ಷ ಅವರ ಬೆಳಗು ಹೀಗೆಯೇ ಶುರುವಾಗುತ್ತಿತ್ತು.

"ಅಲ್ಲಿ ನೈಲ್ ಕಡೆ ಗಾಳಿಗೆ ಕೆಂಡ ತಾನಾಗೇ ಹೊತ್ಕೊಳ್ತಿತ್ತು. ಇಲ್ಲಿ ತೋಳು ನೋಯೋವರೆಗೂ ಬೀಸಬೇಕು" ಎನ್ನುತ್ತಾರೆ.

ಯುದ್ಧ ಅವರನ್ನು ಇಲ್ಲಿಗೆ ತಂದು ಹಾಕಿ ಎರಡು ವರ್ಷ ದಾಟಿದೆ. ಮೊದಲ ತಿಂಗಳುಗಳು ಅಚ್ಚರಿಯಲ್ಲೇ ಕಳೆದವು. ಚಹಾ ಕುಡಿಯದ ದಾರಿಹೋಕರೂ "ಕೆಲಸ ಮಾಡ್ತಿದ್ದೀರಿ, ಒಳ್ಳೇದಾಯ್ತು" ಎಂದು ಹೇಳಿ ಹೋಗುತ್ತಿದ್ದರು. ಇಲ್ಲಿ ದುಡಿಯುವ ಎಲ್ಲರಿಗೂ ಹೇಳುವ ಮಾತದು. ಬತೂಲ್ ಅದನ್ನು ಅಣಕವೆಂದು ತಿಳಿದಿದ್ದರು. ಒಮ್ಮೆ ಬಟ್ಟೆ ಅಂಗಡಿಯ ಹುಡುಗಿ ಲೋಟ ಹಿಂದಿರುಗಿಸುವಾಗ, ಹಿರಿಯರ ಮುಂದೆ ಇಲ್ಲಿನವರು ಮಾಡುವಂತೆ, ಮಂಡಿಯೂರಿದಳು. ಅವಳ ಓಲೆ ಬಿತ್ತೇನೋ ಎಂದು ಬತೂಲ್ ತಾವೂ ಬಗ್ಗಿ ನೆಲ ತಡಕಾಡಿದರು.

"ಸಿಕ್ತಾ ಅಂತ ಈಗಲೂ ಕೇಳ್ತೀನಿ" ಎಂದು ನಗುತ್ತಾರೆ, ಪಕ್ಕದಲ್ಲಿ ಬಾಳೆಕಾಯಿ ಮಾರುವ ನಾಲೊಂಗೊ. ಅದು ಅವರ ಹೆಸರಲ್ಲ, ಅವಳಿ ಹೆತ್ತವಳಿಗೆ ಈ ನಾಡು ಕೊಡುವ ಬಿರುದು. ಹೆರಿಗೆಯಾದ ದಿನದಿಂದ ಅವರ ಸ್ವಂತ ಹೆಸರು ಹಿಡಿದು ಕರೆದವರಿಲ್ಲ.

ಹಾಲಿಲ್ಲದ ಕೆಂಪು ಚಹಾಕ್ಕೆ ಗಿರಾಕಿಗಳನ್ನು ಒಗ್ಗಿಸಲು ಒಂದು ವರ್ಷ ಹಿಡಿಯಿತು.

"ಚಿಕ್ಕಮ್ಮಾ, ಇದೇನು ಔಷಧಿನಾ?" ಎಂದು ಬೈಕಿನವನೊಬ್ಬ ನಿಂತಲ್ಲೇ ಕೇಳಿದ.

"ಹೂಂ, ಅವಸರಕ್ಕೆ ಔಷಧಿ. ಕೂತ್ಕೊ."

ಈಗ ದಿನಕ್ಕೆ ಅರವತ್ತು ಲೋಟ ಖರ್ಚಾಗುತ್ತದೆ.

ಹೋದ ಮಳೆಗಾಲದಲ್ಲಿ ಇಬ್ಬರೂ ಕೂರುವ ಜಗುಲಿ ಇರುವ ಕಟ್ಟಡದ ಮಾಲೀಕ ಸೆಬುಫು ಜಾಗ ಬಿಡುವಂತೆ ಹೇಳಿದರು. ಮೊಬೈಲ್ ಅಂಗಡಿಯವರು ಇಡೀ ಜಗುಲಿ ಕೇಳಿದ್ದರು. ಒಲೆಯನ್ನು ಬೇರೆ ಕಡೆ ಹೂಡಬಹುದಿತ್ತು. ಆದರೆ ಓಮ್ದುರ್ಮಾನ್‌ನಲ್ಲಿ ಉಳಿದ ಮಗ ಹುಸೇನ್ ಕೊನೆಯ ಸಲ ಫೋನು ಮಾಡಿದಾಗ ಬತೂಲ್ ಹೇಳಿದ್ದ ಗುರುತು, ಪೆಟ್ರೋಲ್ ಬಂಕಿನ ಎದುರಿನ ಈ ಹಸಿರು ಜಗುಲಿ. ಆಮೇಲೆ ಅವರ ಫೋನು ಕಳವಾಯಿತು. ಅವನಿಗೆ ಗೊತ್ತಿದ್ದದ್ದು ಆ ಒಂದೇ ನಂಬರು.

ಆ ಸಂಜೆ ಬಾಳೆಗೊನೆ ಹತ್ತಿದ ಬೆಕ್ಕಿಗೆ ನಾಲೊಂಗೊ ಕೋಲೆತ್ತಿದರು. ಬತೂಲ್ ಕೈ ಹಿಡಿದರು.

"ಹೊಡೀಬೇಡ ಕಣೆ. ಅವಳಿ ಮಕ್ಕಳು ಹಸಿದು ಮಲಗಿದ್ರೆ ಬೆಕ್ಕಾಗಿ ತಿರುಗ್ತಾರೆ ಅಂತಾರೆ ನಮ್ಮಲ್ಲಿ. ಚಿಕ್ಕವರಿದ್ದಾಗ ನನ್ನವೂ ಹಸಿದು ಮಲಗದ ಹಾಗೆ ನೋಡ್ಕೊಳ್ತಿದ್ದೆ."

"ನಿನ್ನವು? ಇಲ್ಲಿ ನಿನ್ನ ಜೊತೆ ಇರೋ, ಇಟ್ಟಿಗೆ ಕೆಲಸದ ಆ ಹಸನ್ ಅವಳಿನಾ?"

"ಹಸನ್, ಹುಸೇನ್."

"ಇಷ್ಟು ದಿನ ಪಕ್ಕದಲ್ಲಿ ಕೂತು ಈಗ ಬಾಯಿ ಬಿಡ್ತೀಯಲ್ಲೇ ಮಹಾರಾಯ್ತಿ."

ಮರುದಿನ ನಾಲೊಂಗೊ ಮಾಲೀಕರ ಮುಂದೆ ನಿಂತರು. "ನಾಲೊಂಗೊನ ಎಬ್ಬಿಸಿದ ಮನೆ ಏಳಿಗೆಯಾಗಲ್ಲ ಅಂತ ನಿಮ್ಮಜ್ಜಿ ಹೇಳಿರ್ತಾರೆ, ಯಜಮಾನ್ರೇ. ಇಲ್ಲಿ ಇಬ್ಬರಿದ್ದೀವಿ."

ಸೆಬುಫು ಬತೂಲರ ಕಡೆ ತಿರುಗಿದರು. "ಇನ್ನೂ ಯಾರಾದ್ರೂ ಇದ್ರೆ ಈಗ್ಲೇ ಹೇಳಿಬಿಡಿ" ಎಂದರು. ಮೊಬೈಲ್ ಅಂಗಡಿಗೆ ಅರ್ಧ ಜಗುಲಿ ಸಿಕ್ಕಿತು.

ಜಾಗ ಉಳಿದರೂ ಬತೂಲರ ಮನಸ್ಸಿಗೆ ಸಮಾಧಾನವಿರಲಿಲ್ಲ. ಸುಳ್ಳು ಹೇಳಿ ಪಡೆದಂತೆ ಅನಿಸುತ್ತಿತ್ತು. ಕೊನೆಗೆ ಕೇಳಿಯೇಬಿಟ್ಟರು: "ಹುಸೇನ್ ಈಗ ಬದುಕಿಲ್ಲದೇ ಹೋಗಿದ್ರೆ? ಆಗ ಈ ಬಿರುದು ವಾಪಸ್ ಕೊಡಬೇಕಾ?"

ನಾಲೊಂಗೊ ಸಿಪ್ಪೆ ಸುಲಿಯುವುದನ್ನು ನಿಲ್ಲಿಸಲಿಲ್ಲ. "ಅವಳಿಗಳು ಸತ್ತರು ಅಂತ ನಾವು ಅನ್ನಲ್ಲ. ಹಾರಿ ಹೋದ್ರು ಅಂತೀವಿ. ಒಬ್ಬ ಹಾರಿದ್ರೂ ತಾಯಿ ಇಬ್ಬರಿಗೇ ತಾಯಿ."

ಓಮ್ದುರ್ಮಾನ್‌ನಲ್ಲಿ ಬತೂಲ್ ಬರೀ ಚಹಾದವಳಾಗಿದ್ದರು. ಈಗ ಬೈಕಿನವರಿಗೂ ಬಟ್ಟೆ ಅಂಗಡಿಯ ಹುಡುಗಿಗೂ ಅವರು ನಾಲೊಂಗೊ. ಯಾರಾದರೂ ಕೂಗಿದರೆ ಜಗುಲಿಯ ಎರಡೂ ಬದಿಯಿಂದ ಉತ್ತರ ಬರುತ್ತದೆ.

"ಮನೇಲಿ ಹುಸೇನ್ ಹೆಸರೆತ್ತಿದ್ರೆ ಹಸನ್ ಎದ್ದು ಆಚೆ ಹೋಗ್ತಾನೆ" ಎನ್ನುತ್ತಾರೆ ಬತೂಲ್, ಲೋಟ ತೊಳೆಯುತ್ತ. "ಇಲ್ಲಿ ಹಾಗಲ್ಲ. ಬೀದಿಲಿ ಯಾರೇ ಕರೆದ್ರೂ ಇಬ್ಬರ ತಾಯಿ ಅಂತಲೇ ಕರೀತಾರೆ. ನಾನು ಓ ಅಂತೀನಿ."