ಮೂರನೇ ಪಿನ್ನು
ಬೇಸ್ ಗಿಟಾರ್ ಹೊತ್ತ ಅರ್ಥಿಂಗ್ ಮಾಮ ವಾದ್ಯಗಳ ಅಂಗಡಿಯೊಳಗೆ ಕಾಲಿಟ್ಟನೆಂದರೆ ಮಾಲೀಕರಿಗೆ ಆವತ್ತು ಊಟ ತಪ್ಪಿದಂತೆಯೇ. ಬೇರೆಯವರು ದನಿ ಕೇಳಿ ಆಂಪ್ಲಿಫೈಯರ್ ಕೊಳ್ಳುತ್ತಾರೆ. ಇವನು ಮೊದಲು ಅದರ ಹಿಂದೆ ಮಂಡಿಯೂರಿ, ಪ್ಲಗ್ಗಿನ ಮೂರನೇ ಪಿನ್ನನ್ನು ಮಗುವಿನ ಮೊದಲ ಹಲ್ಲು ತಡವುವವನಂತೆ ತಡವುತ್ತಾನೆ. "ಇದು ಒಳಗೆ ಅರ್ಥ್‌ಗೆ ಸೇರಿದೆಯಾ, ಇಲ್ಲ ಬರೀ ಶೋಕಿಗಾ?" ಎಂದು ಕೇಳುತ್ತಾನೆ. "ನುಡಿಸೋಕೆ ತಗೊಳ್ತೀಯೋ, ಇಲ್ಲ ಇದಕ್ಕೆ ಮಗಳನ್ನ ಕೊಡ್ತೀಯೋ ಪುಣ್ಯಾತ್ಮ?" ಎಂದು ಮಾಲೀಕರು ಗೊಣಗಿದರೂ ಅವನ ಕೈಯಲ್ಲಿನ ಟೆಸ್ಟರ್ ಜೇಬಿಗೆ ಮರಳುವುದಿಲ್ಲ. ಕಾಲಲ್ಲಿ ಒತ್ತುವ ಗಿಟಾರ್ ಪೆಡಲಿನ ಡಬ್ಬಿ ತಗಡಿನದಾದರೆ ಅನುಮಾನ, ವೈರು ಬೆಚ್ಚಗಾದರೆ ಬೆವರು, ಸ್ಪೀಕರು ಗುಂಯ್ ಎಂದರೆ ಎದೆ ಧಸಕ್. ಕಾರ್ಯಕ್ರಮಕ್ಕೂ ರಬ್ಬರ್ ಚಾಪೆ ಸುತ್ತಿಕೊಂಡೇ ಬರುತ್ತಾನೆ. "ಇಷ್ಟು ಜೀವಭಯ ಇರೋರು ಕೊಳಲು ಊದ್ಕೊಂಡಿರಬಾರದಾ ಮಾಮ?" ಎಂದು ಡ್ರಮ್ಮಿನವನು ನಗುತ್ತಾನೆ. ಮಾಮ ತನ್ನ ಜಾಗದಲ್ಲಿ ಚಾಪೆ ಹಾಸುತ್ತಾನೆ. ಆದರೆ ಗಿಟಾರ್ ನುಡಿಸುತ್ತ ಹಾಡುವ ಹುಡುಗಿ ವೇದಿಕೆ ಹತ್ತುವ ಮುಂಚೆ, ಅವಳ ಗಿಟಾರಿನ ತಂತಿಗಳನ್ನು ತಾನೇ ಎಡಗೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಬಲಗೈಯ ಹಿಂಬದಿಯನ್ನು ಅವಳ ಮೈಕಿಗೆ ತಾಗಿಸುತ್ತಾನೆ. ಅಂಗೈಯಿಂದ ಮುಟ್ಟಿದಾಗ ಶಾಕ್ ಹೊಡೆದರೆ ಬೆರಳುಗಳು ಮಡಚಿಕೊಂಡು ಮೈಕನ್ನು ಬಿಡುವುದೇ ಇಲ್ಲವೆಂದು ಅವನಿಗೆ ಗೊತ್ತು; ಹಿಂದೊಮ್ಮೆ ಇಂಥದ್ದೇ ವೇದಿಕೆಯಲ್ಲಿ ತನ್ನ ಅಣ್ಣನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದವನು ಅವನೇ. "ಏನೂ ಇಲ್ಲ, ಹಾಡಮ್ಮ" ಎಂದು ತನ್ನ ಜಾಗಕ್ಕೆ ಮರಳುತ್ತಾನೆ. ಹಾಡು ಮುಗಿಯುವವರೆಗೂ ಅವನ ಕಣ್ಣು ಅವಳ ಬೆರಳುಗಳನ್ನು ಬಿಟ್ಟು ಕದಲುವುದಿಲ್ಲ.